ಸಾಕು ಅಂದರೆ

“ಸಾಕು” ಎಂದರು ಸೋಮಮ್ಮ. ಆರೈಕೆಗೆ ಬರುವ ಗೌತಮಿ ರಾಗಿ ಗಂಜಿಯ ಬಟ್ಟಲನ್ನು ತಕ್ಷಣ ಸ್ಟೂಲಿನ ಮೇಲಿಟ್ಟಳು. ಇನ್ನೂ ಅರ್ಧ ಗಂಜಿ ಉಳಿದಿತ್ತು.

“ಏನಮ್ಮ ನೀನು! ಸಾಕು ಅಂದೇಟ್ಗೆ ನಿಲ್ಲುಸ್ಬುಡದಾ?” ಸೊಸೆ ಶಶಿರೇಖಾ ಅಡುಗೆಮನೆಯಿಂದ ಬಂದಳು. “ನೆಂಟ್ರೂ ಮೊದ್ಲು ಸಾಕು ಅಂತ್ಲೇ ಅನ್ನದು. ಬಲವಂತ ಮಾಡಿ ಬಡುಸ್ಬೇಕು ಕಣಮ್ಮ. ಮೊಕ ನೋಡಿದ್ರೆ ಗೊತ್ತಾಗಲ್ವಾ?”

ಗೊತ್ತಾಗುವುದಿಲ್ಲ. ಆಟಿಸಂ ಇರುವ ಗೌತಮಿಗೆ ಬಾಯಿ ಬಿಟ್ಟು ಹೇಳಿದ್ದಷ್ಟೇ ತಿಳಿಯುವುದು. ಮುಖಗಳು ಬೇರೇನೋ ಹೇಳುತ್ತವಂತೆ. ಟಿವಿ ಅರಚುತ್ತಿತ್ತು, ಕುಕ್ಕರ್ ಕೂಗುತ್ತಿತ್ತು. ಅವಳ ಬೆರಳುಗಳು ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡತೊಡಗಿದವು. ಮದ್ದೂರಿನ ಮನೆಯವರೂ ಹೀಗೇ ಬೈದು ಕಳಿಸಿದ್ದರು. ಹನಕೆರೆಯ ಈ ಕೆಲಸವೂ ಹೋಯಿತು ಅನ್ನಿಸಿತು.

ಶಶಿರೇಖಾ ತಾನೇ ಚಮಚ ತುಂಬಿ ಅತ್ತೆಯ ಬಾಯಿಗೆ ಹಿಡಿದಳು. ಲಕ್ವ ಹೊಡೆದ ಮೇಲೆ ಸೋಮಮ್ಮನಿಗೆ ಸ್ವಾಧೀನ ಉಳಿದದ್ದು ಎಡಗೈಯೊಂದರಲ್ಲೇ. ಆ ಕೈಯಿಂದ ಅವರು ಚಮಚವನ್ನು ಗೌತಮಿಯ ಕಡೆ ತಳ್ಳಿದರು. ಗಂಜಿ ಸೆರಗಿನ ಮೇಲೆ ತುಳುಕಿತು.

“ನೀನೇ ಕುಡ್ಸವ್ವ,” ಎಂದು ತೊದಲಿದರು. “ನಿನ್ ಕೈಲಾದ್ರೆ ಇನ್ನೊಂದ್ ಗುಟ್ಕು ಕುಡೀತೀನಿ. ನೀನು, ಸಾಕು ಅಂದ್ರೆ ನಿಲ್ಲುಸ್ತೀಯ.”