ಸೊನ್ನೆಯ ಗಾಳಿ

“ಮತ್ತೆ ಮೈನಸ್!” ಫೋನಿನಲ್ಲಿ ಕಾರ್ಖಾನೆಯ ಸುರಕ್ಷತಾಧಿಕಾರಿ ಕಿಡಿಕಿಡಿಯಾಗಿದ್ದರು. “ಅಲ್ರೀ, ಹೊರಗಿನ ಗಾಳಿಯಲ್ಲಿ ಸೊನ್ನೆ ತೋರಿಸಬೇಕಾದ ಯಂತ್ರ ಸೊನ್ನೆಗಿಂತ ಕೆಳಗಿದ್ರೆ, ವಿಷದ ಗಾಳಿ ಬಂದಾಗ ಅದು ಕೂಗೋದು ಯಾವಾಗ? ಟ್ಯಾಂಕಿಗಿಳಿದವರು ಸತ್ತ ಮೇಲಾ? ಈಗಲೇ ಬಂದು ನಮ್ಮ ಕಣ್ಣೆದುರೇ ಸರಿಮಾಡಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ.”

ರಿಪೇರಿಯವನು ಫೋನ್ ಇಟ್ಟ. ಆ ಒಂದು ಕಾರ್ಖಾನೆ ಕೈಬಿಟ್ಟರೆ ಅಂಗಡಿಗೆ ಬೀಗವೇ ಗತಿ. ಅಂಗಡಿ ಎಂದರೇನು, ಬಾಡಿಗೆ ಮನೆಯ ಮುಂದಿನ ಕೋಣೆ. ಒಂದು ಮೇಜು, ಅಳತೆಯ ಅನಿಲ ತುಂಬಿದ ಪುಟ್ಟ ಸಿಲಿಂಡರ್, ಅಂಗಿಗೆ ಸಿಕ್ಕಿಸಿಕೊಳ್ಳುವ ಅಂಗೈಯಗಲದ ಅನಿಲಸೂಚಕ ಯಂತ್ರಗಳು.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಮೊದಲು ಯಂತ್ರವನ್ನು ಮೇಜಿನ ಮೇಲಿಟ್ಟು, ‘ಇದು ಶುದ್ಧ ಗಾಳಿ, ಇದೇ ಸೊನ್ನೆ’ ಎಂದು ಗುಂಡಿ ಒತ್ತಿ ಒಪ್ಪಿಸಬೇಕು. ಆಮೇಲೆ ಸಿಲಿಂಡರಿನ ಅನಿಲ ಹಾಯಿಸಿ, ಅದರ ಮೇಲೆ ಬರೆದ ಅಂಕಿಯೇ ಬರುವಂತೆ ಹೊಂದಿಸಬೇಕು. ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡು ಮಾಡಿದ್ದ. ಹಳೆಯ ಸೆನ್ಸರ್‌ಗಳು ಸತ್ತಿರಬೇಕೆಂದು ಹೊಸವನ್ನು ಹಾಕಿಯೂ ಆಯಿತು. ಮೇಜಿನ ಮೇಲೆ ಸೊನ್ನೆ ತೋರಿಸಿದ್ದು ಕಾರ್ಖಾನೆಗೆ ಹೋದರೆ ಮತ್ತದೇ ಮೈನಸ್. ಎಲ್ಲ ಶುರುವಾದದ್ದು ಭಾಮೈದ ಬಂದು ಕೆಲಸಕ್ಕೆ ಸೇರಿಕೊಂಡ ಮೇಲೆ.

ಆ ಭಾಮೈದನನ್ನು ಪೇಟೆಯ ದೊಡ್ಡ ಅಂಗಡಿಯವರು ಬಾ ಎಂದು ಕರೆಯುತ್ತಿದ್ದ ಸುದ್ದಿಯೂ ಕಿವಿಗೆ ಬಿದ್ದಿತ್ತು.

“ನಿಜ ಹೇಳು, ಏನ್ ಮಾಡ್ತಿದ್ದೀಯ ಇವುಗಳಿಗೆ?”

“ಭಾವ, ನಿಮ್ಮಾಣೆ, ನೀವು ಹೇಳಿಕೊಟ್ಟಷ್ಟೇ ಮಾಡಿರೋದು.”

“ನನ್ನ ಅಂಗಡಿ ಮುಚ್ಚಿಸಿ ಅವರ ಹತ್ರ ಹೋಗೋ ಲೆಕ್ಕಾಚಾರ ಅಲ್ವಾ?”

ಭಾಮೈದ ಕಿಟಕಿ ತೆರೆದು ಮುಖ ಹೊರಗೆ ಚಾಚಿದ. ಇದೊಂದು ಅವನ ಚಾಳಿ. ಗಾಳಿ ಬೀಸಿದರೆ ಅಂಕಿ ನಿಲ್ಲುವುದಿಲ್ಲ ಎಂದು ಎಷ್ಟು ಬಡಕೊಂಡರೂ ಅಷ್ಟೇ. ಪಕ್ಕದ ಲಾಂಡ್ರಿಯವರು ಹೊಸ ಬಾಯ್ಲರ್ ಇಟ್ಟ ಮೇಲೆ ಗೋಡೆ ಕಾಯುತ್ತದೆ, ಸೆಖೆ ಎಂದು ಅವನ ನೆಪ. ರಿಪೇರಿಯವನ ಪಿತ್ತ ನೆತ್ತಿಗೇರಿತು.

“ಉಂಡ ಮನೆಗೆ ಎರಡು ಬಗೆಯೋನೇ, ನಡಿ ಆಚೆ! ಮತ್ತೆ ಈ ಹೊಸಿಲು ತುಳೀಬೇಡ.”

ಹೆಂಡತಿ ಹಣೆ ಒತ್ತಿಕೊಂಡು ಒಳಗಿನಿಂದ ಬಂದಳು. “ರೀ, ಏನಿದು? ಮೊದಲೇ ತಲೆ ಸಿಡೀತಿದೆ. ಈ ಮನೇಲಿ ನನಗೆ ಉಸಿರು ಕಟ್ಟತ್ತೆ.”

“ನಿನ್ನ ತಮ್ಮ ಹೋದ ಮೇಲೆ ಸರಾಗ ಆಗತ್ತೆ, ಹೋಗಿ ಮಲಕ್ಕೋ.”

ಅವಳು ಅತ್ತುಕೊಂಡೇ ಒಳಗೆ ಹೋಗಿ ಮಲಗಿದಳು. ತಮ್ಮ ಚಪ್ಪಲಿ ಮೆಟ್ಟಿಕೊಂಡು, “ಅಕ್ಕ, ಬರ್ತೀನಿ” ಎಂದು ಮೆಲ್ಲಗೆ ಹೇಳಿ ಹೊರಟುಹೋದ. ಅವನು ಹಿಂತಿರುಗಿ ಬಂದು ಮತ್ತೇನಾದರೂ ಕಿತಾಪತಿ ಮಾಡಿಯಾನೆಂದು ರಿಪೇರಿಯವನು ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿದ, ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದ. ಸಿಲಿಂಡರ್ ಬಗಲಲ್ಲಿಟ್ಟುಕೊಂಡು ಕಾರ್ಖಾನೆಗೆ ನಡೆದ.

ಕಾರ್ಖಾನೆಯ ಅಂಗಳದಲ್ಲಿ ಬಯಲು ಗಾಳಿಗೆ ಕೂತು ಒಂದೊಂದಾಗಿ ಯಂತ್ರಗಳನ್ನು ಹೊಂದಿಸಿದ. ಆಹಾ, ಒಂದಾದರೂ ತಕರಾರು ಮಾಡಬೇಕಲ್ಲ! ಸೊನ್ನೆ ಎಂದರೆ ಸೊನ್ನೆ. ಅನಿಲ ಹಾಯಿಸಿದರೆ ಸಿಲಿಂಡರಿನ ಮೇಲಿದ್ದ ಅಂಕಿಯೇ. ಬೆಳಗಿನಿಂದ ಹಿಂಡುತ್ತಿದ್ದ ತಲೆನೋವೂ ಇಳಿದಿತ್ತು. ಪೀಡೆ ತೊಲಗಿದ್ದಕ್ಕೇ ಇರಬೇಕು ಎಂದುಕೊಂಡ.

ಅಧಿಕಾರಿ ತಲೆ ಕೆರೆದುಕೊಂಡರು. “ಇಲ್ಲಿ ಸರಿಯಾಗಿ ಬಂತಲ್ರೀ! ಹಾಗಾದ್ರೆ ತೊಂದರೆ ನಿಮ್ಮ ಮನೇಲೇ ಇದೆ, ನೋಡ್ಕೊಳ್ಳಿ.”

“ಇತ್ತು ಸಾರ್. ಬೆಳಿಗ್ಗೇನೇ ಆಚೆ ಹಾಕಿದೆ.”

ಒಂದು ಯಂತ್ರವನ್ನು ಕೇಳಿ ಪಡೆದು ಅಂಗಿಗೆ ಸಿಕ್ಕಿಸಿಕೊಂಡ. ಹೆಂಡತಿಯ ಮುಖಕ್ಕೆ ಹಿಡಿದು, ‘ನೋಡು, ನಿನ್ನ ತಮ್ಮ ಮುಟ್ಟದ ಯಂತ್ರ ಹೇಗಿರತ್ತೆ’ ಎನ್ನಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ. ಬೀದಿಯಲ್ಲಿ ಸೊನ್ನೆ, ತಿರುವಿನಲ್ಲಿ ಸೊನ್ನೆ, ಮನೆಯ ಮೆಟ್ಟಿಲಲ್ಲೂ ಸೊನ್ನೆ.

ಬೀಗ ತೆಗೆದು ಒಳಗೆ ಕಾಲಿಟ್ಟ. ಯಂತ್ರ ಚೀರಿತು.

“ಥೂ, ಇದೂ ಕೆಟ್ಟಿತಾ?” ಗೊಣಗುತ್ತ ಬೀದಿಗಿಳಿದ. ಅಂಕಿ ಇಳಿಯುತ್ತ ಬಂದು ಸೊನ್ನೆಗೆ ನಿಂತಿತು. ಮತ್ತೆ ಒಳಗೆ ಬಂದ. ಮತ್ತೆ ಚೀರಿತು. ಕಾಯ್ದ ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟರೆ ಅಂಕಿ ದುಪ್ಪಟ್ಟು.

ಅವನಿಗೆ ಈಗ ಹೊಳೆಯಿತು. ಯಂತ್ರಗಳಲ್ಲಿ ಯಾವತ್ತೂ ದೋಷವಿರಲಿಲ್ಲ. ಗೋಡೆಯಾಚೆಯ ಬಾಯ್ಲರಿನಿಂದ ಬಣ್ಣವಿಲ್ಲದೆ ವಾಸನೆಯಿಲ್ಲದೆ ಸೋರುತ್ತಿದ್ದ ವಿಷವನ್ನೇ ಅವನು ದಿನಾ ‘ಇದು ಶುದ್ಧ ಗಾಳಿ, ಇದೇ ಸೊನ್ನೆ’ ಎಂದು ಅವಕ್ಕೆ ಒಪ್ಪಿಸುತ್ತ ಬಂದಿದ್ದ; ಅದಕ್ಕೇ ನಿಜವಾದ ಶುದ್ಧ ಗಾಳಿ ಅವಕ್ಕೆ ಸೊನ್ನೆಗಿಂತ ಕೆಳಗೆ ಕಂಡಿತ್ತು. ಇಷ್ಟು ದಿನ ಮನೆಯವರ ಜೀವ ಉಳಿಸಿದ್ದು ಭಾಮೈದನ ಆ ಕಿಟಕಿ ತೆರೆಯುವ ಹಾಳು ಚಾಳಿ.

“ಏ, ಏಳೇ! ಎದ್ದೇಳು!” ಕೂಗುತ್ತ ಒಳಗೆ ನುಗ್ಗಿ ಹೆಂಡತಿಯನ್ನು ಬಾಚಿ ಎತ್ತಿಕೊಂಡು ಬೀದಿಗೆ ಓಡಿದ. ಮೆಟ್ಟಿಲ ಮೇಲೆ ಕೂರಿಸಿ ಕೆನ್ನೆ ತಟ್ಟಿದ, ಹೆಸರು ಹಿಡಿದು ಕರೆದ, ಅತ್ತೇಬಿಟ್ಟ. ಬಹಳ ಹೊತ್ತಿನ ಮೇಲೆ ಅವಳ ತುಟಿ ಅಲುಗಿತು.

“ಯಾಕ್ರೀ ಹಿಂಗೆ ಕೂಗ್ತೀರ... ಮತ್ತೇನು ತಪ್ಪು ಮಾಡಿದ ನನ್ನ ತಮ್ಮ?”