ಕೆಂಪು ದಾರದ ರೆಕ್ಕೆ

ವೆಂಕೂಬಾಯಿ ಗಂಡನ ಫೋಟೊದ ಮುಂದೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಬರ್ಮಾದ ಯುದ್ಧದಲ್ಲಿ ಅವನ ವಿಮಾನ ಉರಿದು ಬಿತ್ತೆಂದು ಮೈದುನ ಗುಂಡೂರಾವ್ ಸುದ್ದಿ ತಂದಾಗ ಅವಳಿನ್ನೂ ಹರೆಯದವಳು. ಅಂದೇ ಅವಳ ಕುಂಕುಮದ ಭರಣಿಯನ್ನು ಎತ್ತಿಟ್ಟವನೂ ಅವನೇ. ಈಗ ಇಬ್ಬರ ತಲೆಯೂ ನರೆತಿತ್ತು. ಗುಂಡೂರಾವ್ ತೂಗುಮಂಚದ ಮೇಲೆ ಜೀಕುತ್ತಿದ್ದ.

ಅಂದು ಹುಬ್ಬಳ್ಳಿಯಿಂದ ಅವರನ್ನು ಹುಡುಕಿಕೊಂಡು ಬಂದಿದ್ದ ತರುಣನಿಗೆ ಒಂದೇ ಹುಚ್ಚು. ಹಳೆಯ ಕಾಲದ ಪೈಲಟ್‌ಗಳು ಎದೆಯ ಮೇಲೆ ಧರಿಸುತ್ತಿದ್ದ ರೆಕ್ಕೆಯಾಕಾರದ ಬ್ಯಾಡ್ಜ್‌ಗಳನ್ನು ಕೂಡಿಹಾಕಿ, ಅವು ಯಾರವು, ಅವರ ಊರು ಯಾವುದು ಎಂದು ಹುಡುಕಿಕೊಂಡು ತಿರುಗುವುದು. ಚೀಲದಿಂದ ಕಸೂತಿ ಹಾಕಿದ ಬಟ್ಟೆಯ ರೆಕ್ಕೆಯೊಂದನ್ನು ತೆಗೆದು ಅವಳ ಕೈಗಿಟ್ಟ.

ಅವಳು ಅದನ್ನು ಮಗುಚಿ ನೋಡಿದಳು. ಹಿಂದೆ ಕೆಂಪು ದಾರದ ಹೊಲಿಗೆಯಿತ್ತು.

“ಇದು ನಾನ ಹಾಕಿದ್ದು! ಅವತ್ತ ಬಿಳೀ ದಾರ ಇರಲಿಲ್ಲ. ‘ಪೈಲಟಗ ಬಾಸಿಂಗ ಕಟ್ಟಿದಿ’ ಅಂತ ಇವರು ನಕ್ಕಿದ್ರು. ಸುಡದನ ಉಳೀತಲ್ಲ ಇದು... ವಿಮಾನ ಬಿದ್ದಲ್ಲೆ ಸಿಕ್ತೇನ್ರಿ?”

“ವಿಮಾನ ಎಲ್ಲಿ ಬಿತ್ರೀ ಅಜ್ಜಿ?” ಅವನು ನಕ್ಕ. “ಹೋದ ವಾರ ಪುಣೆದಾಗ ಆ ಪೈಲಟ್ ಅವರ ಕೈಯಿಂದನ ಇದನ್ನ ಇಸ್ಕೊಂಡೀನಿ. ಹೆಂಡ್ತಿ, ಮಕ್ಕಳು, ಮೊಮ್ಮಕ್ಕಳು, ಮನಿ ತುಂಬ ಮಂದಿ. ಊರಾಗ ಒಬ್ಬ ತಮ್ಮ, ಒಬ್ಬಾಕಿ ಅಕ್ಕ ಇದ್ದಾರ ಅಂದ್ರು. ಅಕ್ಕ ನೀವ ಅಲ್ರಿ?”

ತೂಗುಮಂಚ ನಿಂತಿತು.

ವೆಂಕೂಬಾಯಿ ಬತ್ತಿಯನ್ನು ಕೆಳಗಿಟ್ಟು ಮೈದುನನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

“ಗುಂಡೂ, ನನ್ನ ಕುಂಕುಮದ ಭರಣಿ ತಂದು ಕೊಡು.”