ಬಣ್ಣ ಡೌನ್

“ಬಣ್ಣ ಡೌನ್ ಆಗೈತಲ್ರಿ ಮಲ್ಲೇಶಪ್ಪಾರ. ಭಾಳ ದಿನ ಒಳಗ ಇಟ್ಟೀರಿ.”

ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಪುಷ್ಪಲತಾ ಅಲ್ಲೇ ನಿಂತಳು. ಪಡಸಾಲೆಯಲ್ಲಿ ಹಾಗೆಂದವನು ಗುಡ್ಡಪ್ಪ, ಮಗನಿಗೆ ಕನ್ಯಾ ನೋಡಲು ರಾಣೆಬೆನ್ನೂರಿನಿಂದ ಬಂದವನು. ಈಗಷ್ಟೇ ಅವಳ ಹೆಸರು, ಓದು ಕೇಳಿ ಒಳಗೆ ಕಳಿಸಿದ್ದ. ಅವಳಿಗೆ ಮೂವತ್ತು ಹತ್ತಿರ ಬಂದಿತ್ತು. ನೋಡಲು ಬಂದವರಿಗೆಲ್ಲ ಉಪ್ಪಿಟ್ಟು ಮಾಡಿ ಮಾಡಿ ಕೈ ಚೆನ್ನಾಗಿ ಪಳಗಿತ್ತು.

ಅಪ್ಪ ಏನನ್ನುತ್ತಾನೆಂದು ಕಿವಿಗೊಟ್ಟಳು.

“ಚಲೋ ಗಿರಾಕಿ ಬರ್ತಾರಂತ ಕಾದ್ವಿರಿ. ಇನ್ನ ಇಟ್ಟರ ಇನ್ನೂ ಡೌನ್ ಆಕ್ಕೈತಿ. ನೀವು ಹ್ಞೂಂ ಅಂದ್ರ ದಾಟಿಸಿಬಿಡ್ತೇನಿ.”

ಬ್ಯಾಡಗಿಯಲ್ಲಿ ಡೌನ್ ಆಗದ ವಸ್ತುವಿಲ್ಲ. ಪೇಟೆಯ ರೇಟು, ಬೋರಿನ ನೀರು, ಮೊಬೈಲಿನ ಬ್ಯಾಟರಿ, ಅಜ್ಜನ ಬಿಪಿ ಎಲ್ಲವೂ ಡೌನ್. ಇಳಿಯಿತು, ಮಾಸಿತು, ಸೊರಗಿತು ಎಂದು ಬೇರೆ ಬೇರೆ ಮಾತು ಹುಡುಕುವ ತ್ರಾಸು ಯಾರಿಗೂ ಬೇಡ. ಆದರೆ ಹೆತ್ತ ಅಪ್ಪನೇ ಆ ಮಾತನ್ನು ತನಗೆ ಹಚ್ಚಿದ್ದು ಕೇಳಿ ಪುಷ್ಪಲತಾಳಿಗೆ ಅಳು ಬಂತು. ತಟ್ಟೆಯನ್ನು ಒಲೆಯ ಕಟ್ಟೆಗೆ ಕುಕ್ಕಿ, ತಾನಿನ್ನು ಹೊರಗೆ ಹೋಗುವುದಿಲ್ಲ ಎಂದು ತಾಯಿಗೆ ಹೇಳಿದಳು.

ತಾಯಿ ಉಚ್ಚಂಗೆವ್ವ ಹೊರಗೆ ಇಣುಕಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಮಗಳನ್ನೂ ಎಳೆದು ತೋರಿಸಿದಳು. ಗುಡ್ಡಪ್ಪನ ಮುಂದೆ ಪರಾತದ ತುಂಬ ಒಣಮೆಣಸಿನಕಾಯಿ. ಅವನು ಒಂದನ್ನು ಮುರಿದು ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಿದ್ದ. ಹೋದ ವರ್ಷದ ಮಾಲು ಇನ್ನೂ ಕೋಲ್ಡ್ ಸ್ಟೋರೇಜಿನಲ್ಲಿತ್ತು. ಮೆಣಸಿನಕಾಯಿ ವ್ಯಾಪಾರಸ್ಥನೇ ಮನೆಗೆ ಬಂದಿರುವಾಗ ತೋರಿಸಿದರೆ ಗಂಟೇನು ಹೋಗುತ್ತದೆ ಎಂದು ಮಲ್ಲೇಶಪ್ಪ ಅದರಲ್ಲಿ ಒಂದಿಷ್ಟನ್ನು ತಂದಿಟ್ಟಿದ್ದ.

ಪುಷ್ಪಲತಾ ಕಣ್ಣೊರೆಸಿಕೊಂಡು, ಚಹಾ ಮತ್ತೆ ಬಿಸಿ ಮಾಡಿ ತಂದುಕೊಟ್ಟಳು. ಗುಡ್ಡಪ್ಪ ಹುಡುಗಿಯ ವಿಷಯವನ್ನೂ ಮಾಲಿನ ವಿಷಯವನ್ನೂ ಮನೆಯಲ್ಲಿ ಕೇಳಿ ತಿಳಿಸುವೆನೆಂದು ಎದ್ದುಹೋದ. ಆಮೇಲೆ ಅವಳು ತನ್ನ ಪಜೀತಿಯನ್ನು ತಾನೇ ಅಪ್ಪನಿಗೆ ಹೇಳಿದಳು. ಮಲ್ಲೇಶಪ್ಪ ಹಣೆ ಬಡಿದುಕೊಂಡ.

“ಹುಚ್ಚವ್ವಾ, ಮಾಲಿನ ಮಾತು ಬ್ಯಾರೆ, ಮಗಳ ಮಾತು ಬ್ಯಾರೆ. ಅಷ್ಟೂ ತಿಳಿಯಂಗಿಲ್ಲೇನ ನನಗ?”

ಮೂವರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಮರುದಿನ ಬೆಳಿಗ್ಗೆ ಫೋನು ಬಂತು. ಸಂಬಂಧ ತಂದಿದ್ದ ಪುಂಡಲೀಕನ ದನಿ ಯಾವಾಗಲೂ ದೊಡ್ಡದು. ಬಾಗಿಲಲ್ಲಿದ್ದ ಪುಷ್ಪಲತಾಳಿಗೂ ಕೇಳಿಸಿತು.

“ಗುಡ್ಡಪ್ಪಾರು ಒಪ್ಯಾರ್ರಿ. ಸ್ವಲ್ಪ ಡೌನ್ ಇದ್ರೂ ಅಡ್ಡಿಯಿಲ್ಲ, ನಮಗ ನಡೀತೈತಿ ಅಂದ್ರು.”

ಉಚ್ಚಂಗೆವ್ವ ದೇವರ ಜಗುಲಿಯತ್ತ ಕೈಮುಗಿದಳು. ಮಲ್ಲೇಶಪ್ಪ ಫೋನನ್ನು ಬಾಯಿಗೆ ಹತ್ತಿರ ಹಿಡಿದು ಕೇಳಿದ:

“ಯಾವುದಕ್ಕ?”